ಬೋರ್ಡಿನ ಮೇಲೆ ‘ಅಂತೆ’ ಬರೆಯುವಂತಿಲ್ಲ

ಈ ಬರಹದಲ್ಲಿ ಒಂದೆರಡು ತಪ್ಪುಗಳು ಇರುವುದು ಖಂಡಿತ. ಯಾವುವು ಎಂದು ಗೊತ್ತಿದ್ದರೆ ತಿದ್ದಿಯೇ ಕೊಡುತ್ತಿದ್ದೆ. ಅವತ್ತು ಚೆಲ್ಲಿದ್ದು ಕಪ್ಪು ಬಣ್ಣ ಎಂದು ನಾನು ಹೇಳುತ್ತೇನೆ, ಅಮ್ಮ ಹಸಿರು ಅನ್ನುತ್ತಾಳೆ. ಅಮ್ಮ ಅಲ್ಲಿ ಇರಲೇ ಇಲ್ಲ. ಮಲ್ಲೇಶ್ವರದ ಮನೆಯಲ್ಲಿ ಕೂತು ಫೋನಿನಲ್ಲಿ ಕೇಳಿಸಿಕೊಂಡವಳು. ಆದರೂ ಅವಳ ಹಸಿರು ಎಷ್ಟು ಗಟ್ಟಿಯೆಂದರೆ, ಈಚೆಗೆ ನನ್ನ ಕಪ್ಪಿಗೂ ಒಂದಿಷ್ಟು ಹಸಿರು ತಾಗಿದೆ. ದಿನಚರಿ ಬರೆಯುವವಳಲ್ಲವೇ, ತೆಗೆದು ನೋಡಬಾರದೇ ಎಂದು ಕೇಳಬಹುದು. ನೋಡಿದೆ. ಆ ದಿನದ ಪುಟದಲ್ಲಿ ‘ತಲೆನೋವು. ಅತ್ತೆ ಬಹಳ ಚೆನ್ನಾಗಿ ಮಾತಾಡಿದರು’ ಎಂದಷ್ಟೇ ಇದೆ. ಮುಖ್ಯವಾದದ್ದು ನಡೆದ ದಿನ ನಾನು ಬರೆಯುವುದು ಹೀಗೆಯೇ.

ಎರಡು ಸಾವಿರದ ಇಸವಿ ದಾಟಿದ ಹೊಸದು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಲು ನಾನು ತ್ಯಾಗರಾಜನಗರದಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು, ತೊಂಬತ್ತರ ದಶಕದ ನಡುವೆ ನಿವೃತ್ತರಾದವರು. ನಿವೃತ್ತಿಯ ಮಾರನೆಯ ತಿಂಗಳೇ ಅವರ ಕೈ ತುರಿಸತೊಡಗಿತಂತೆ. ಮನೆಯಲ್ಲಿ ಅತ್ತೆಯ ಹಾಲಿನ ಲೆಕ್ಕಕ್ಕೆ ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಲು ಶುರುಮಾಡಿದಾಗ, ಅತ್ತೆಯೇ ಬೀದಿಯ ನಾಲ್ಕು ಜನರನ್ನು ಹಿಡಿದು ಪಾರ್ಕಿನ ಗೇಟಿನ ಪಕ್ಕ ಒಂದು ಕರಿಹಲಗೆ ಹಾಕಿಸಿಕೊಟ್ಟರು. ಅದರ ತಲೆಯ ಮೇಲೆ ಬಿಳಿ ಮತ್ತು ಹಳದಿ ಬಣ್ಣದಲ್ಲಿ ‘ದಿನಕ್ಕೊಂದು ಮಾತು’ ಎಂದು ಬರೆಸಲಾಯಿತು. ಕೆಳಗಿನ ನಾಲ್ಕು ಸಾಲಿನಷ್ಟು ಜಾಗ ಮಾವನದು. ಬೆಳಿಗ್ಗೆ ವಾಕಿಂಗ್ ಬರುವವರು ಬರುವಷ್ಟರಲ್ಲಿ ಅವರು ಒಂದು ಸುಭಾಷಿತ ಬರೆದು ಮುಗಿಸಿರುತ್ತಿದ್ದರು. ಯಾರೂ ಓದುತ್ತಿರಲಿಲ್ಲ. ಅಕ್ಷರ ಮಾತ್ರ ಮುತ್ತಿನಂತಿತ್ತು.

ತಲೆಬರಹ ಬರೆದುಕೊಟ್ಟವರು ಸಾಹೇಬರು. ಚಾಮರಾಜಪೇಟೆಯಲ್ಲಿ ಬೋರ್ಡು ಬರೆಯುವುದು ಅವರ ಕಸುಬು. ಅಂಗಡಿಯ ಹೆಸರು, ಡಾಕ್ಟರ ಫಲಕ, ಗಣೇಶನ ಪೆಂಡಾಲಿನ ಬ್ಯಾನರು, ಚುನಾವಣೆ ಬಂದರೆ ಗೋಡೆ. ಮಾವನಿಗೆ ಅವರ ಪರಿಚಯವಾದದ್ದೂ ಗೋಡೆಯ ಮುಂದೆಯೇ. ನಾನಿನ್ನೂ ಚಿಕ್ಕವಳಿದ್ದಾಗ ಇಬ್ಬರೂ ಸೇರಿ ಒಂದು ಪಕ್ಷಕ್ಕೆ ಬಿಟ್ಟಿ ದುಡಿದಿದ್ದರು. ಲಂಚ ಇರುವುದಿಲ್ಲ, ಬಡವರಿಗೆ ಸೈಟು ಸಿಗುತ್ತದೆ, ದೇಶವೇ ಬದಲಾಗುತ್ತದೆ ಎಂದು ನಂಬಿದ್ದ ಕಾಲ. ಮಾವ ಪ್ರಾಸ ಹೊಸೆಯುವುದು, ಸಾಹೇಬರು ಅದನ್ನು ಗೋಡೆಗೆ ಏರಿಸುವುದು. ಅವರು ಗೆಲ್ಲಿಸಿದ ಮನುಷ್ಯ ಮುಂದಿನ ಚುನಾವಣೆಗೆ ಬೇರೆ ಪಕ್ಷಕ್ಕೆ ಹೋದ, ಅದರ ಮುಂದಿನದಕ್ಕೆ ಇನ್ನೊಂದಕ್ಕೆ. ಗೋಡೆ ಮಾತ್ರ ಅದೇ. ಹೊಟ್ಟೆಪಾಡು ನೋಡಿ, ಸಾಹೇಬರೇ ಹಳೆಯ ಚಿಹ್ನೆಗೆ ಸುಣ್ಣ ಹೊಡೆದು ಹೊಸದನ್ನು ಬರೆದರು. ಒಂದು ಮಳೆಗಾಲದಲ್ಲಿ ಸುಣ್ಣ ಕರಗಿ ಮೂರೂ ಚಿಹ್ನೆಗಳು ಒಂದರೊಳಗೊಂದು ಕಾಣತೊಡಗಿದವು. ಸಾಹೇಬರು ಮಾವನನ್ನು ಕರೆದುಕೊಂಡು ಹೋಗಿ ತೋರಿಸಿ, “ನೋಡಿ ಮೇಷ್ಟ್ರೆ, ಇನ್ಮೇಲೆ ಯಾರಿಗ್ ಒತ್ತಿದ್ರೂ ಇವರಿಗೇ” ಅಂದರಂತೆ.

ಮಾವ ನಗಲಿಲ್ಲ. ಆಮೇಲೆ ಅವರು ಓಟೂ ಹಾಕಲಿಲ್ಲ. ಚುನಾವಣೆಯ ದಿನ ಜಗಲಿಯ ಮೇಲೆ ಕಾಲು ಚಾಚಿ ಕೂತು, ಓಟು ಹಾಕಿ ಬಂದವರನ್ನೆಲ್ಲ ಅಯ್ಯೋ ಪಾಪ ಎಂಬಂತೆ ನೋಡುತ್ತಿದ್ದರು. ಸಾಹೇಬರು ಚಾಮರಾಜಪೇಟೆಯಿಂದ ಮೊಪೆಡ್ಡಿನಲ್ಲಿ ಬಂದು, ಶಾಯಿ ಹಚ್ಚಿದ ಬೆರಳನ್ನು ಬೇಕಂತಲೇ ಮಾವನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಭಾನುವಾರದ ಬೆಳಿಗ್ಗೆಗಳೂ ಅವರದೇ. ಉಪ್ಪಿಟ್ಟು, ಕಾಫಿ, ಜಗಳ. ರಂಜಾನಿಗೆ ಅವರ ಮನೆಯಿಂದ ಶ್ಯಾವಿಗೆ ಬರುವುದು, ಸಂಕ್ರಾಂತಿಗೆ ನಮ್ಮ ಮನೆಯಿಂದ ಎಳ್ಳು ಬೆಲ್ಲ ಹೋಗುವುದು. ಸಂಕ್ರಾಂತಿಗೆ ಮುಂಚೆ ಸಾಹೇಬರೇ ಬಂದು ಪಾರ್ಕಿನ ಹಲಗೆಗೆ ಹೊಸದಾಗಿ ಕಪ್ಪು ಬಳಿದು, ತಲೆಬರಹ ತೀಡಿ, ಎಳ್ಳು ಬೆಲ್ಲದ ಡಬ್ಬ ತೆಗೆದುಕೊಂಡು ಹೋಗುವುದು ರೂಢಿಯಾಗಿತ್ತು.

ಇನ್ನು ಮಾವನ ಒಂದು ವಿಚಿತ್ರ ಹೇಳಬೇಕು. ಕನ್ನಡದಲ್ಲಿ ಒಂದು ಸೌಕರ್ಯವಿದೆ. ಕಣ್ಣಾರೆ ಕಾಣದ್ದನ್ನು ಹೇಳುವಾಗ ಕೊನೆಗೊಂದು ‘ಅಂತೆ’ ಸೇರಿಸಿದರೆ ಸಾಕು. ಹೇಳಿದ ಹಾಗೂ ಆಯಿತು, ಜವಾಬ್ದಾರಿ ಬೇರೆಯವರ ತಲೆಗೆ ಹೋದ ಹಾಗೂ ಆಯಿತು. ಮೂವತ್ತು ವರ್ಷ ಮಾವ ಈ ಅಂತೆಯ ವಿರುದ್ಧ ಕೆಂಪು ಶಾಯಿಯಲ್ಲಿ ಯುದ್ಧ ಮಾಡಿದ್ದರು. ಬಾಯಲ್ಲಿ ಎಷ್ಟು ಬೇಕಾದರೂ ಆಡಿಕೊಳ್ಳಿ, ಪ್ರಬಂಧದಲ್ಲಿ ಅಂತೆ ಕೂಡದು, ಬರಹ ಅಂದರೆ ಎದೆ ಸೆಟೆಸಿ ನಿಲ್ಲಬೇಕು ಅನ್ನುವುದು ಅವರ ಪಾಠ. ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ ದೊಡ್ಡ ಬಸವಣ್ಣನ ಮೇಲೆ ಪ್ರಬಂಧ ಬರೆದು ಅವರಿಗೆ ತೋರಿಸಿದ್ದೆ. ಕಲ್ಲಿನ ಬಸವ ದಿನಾ ಬೆಳೆಯುತ್ತಿದ್ದನಂತೆ, ರೈತರ ಕಡಲೆಕಾಯಿ ತಿನ್ನುತ್ತಿದ್ದನಂತೆ, ತಲೆಗೆ ಮೊಳೆ ಹೊಡೆದ ಮೇಲೆ ನಿಂತನಂತೆ. ಮಾವ ಅಷ್ಟೂ ಅಂತೆಗಳನ್ನು ಹೊಡೆದುಹಾಕಿದರು. ಪ್ರಬಂಧ ವಾಪಸು ಬಂದಾಗ ಕಲ್ಲು ಬೆಳೆದಿತ್ತು, ಕಡಲೆಕಾಯಿ ತಿಂದಿತ್ತು, ಮೊಳೆಯೂ ಬಿದ್ದಿತ್ತು. ಯಾರೂ ಏನೂ ಮಾಡುವಂತಿರಲಿಲ್ಲ.

ಇಂಥ ಮಾವನಿಗೆ ಇಮೇಲ್ ಕಲಿಸಿದ್ದು ವಿಶ್ವೇಶ್ವರಪುರಂನ ಅವರ ಹಳೆಯ ಗೆಳೆಯರೊಬ್ಬರು. ಪಕ್ಷದಲ್ಲಿ ಜೊತೆಗಿದ್ದು ಜೊತೆಗೇ ಬೇಸತ್ತವರು. ಗಾಂಧಿ ಬಜಾರಿನ ಹತ್ತಿರ ಒಂದು ಸೈಬರ್ ಸೆಂಟರ್ ಇತ್ತು, ಪ್ಲೈವುಡ್ಡಿನ ಗೂಡುಗಳು, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಮಾವ ದೇವಸ್ಥಾನಕ್ಕೆ ಹೋಗುವ ಹಾಗೆ ಶುಭ್ರವಾಗಿ ಹೋಗಿ, ಬಂದ ಪತ್ರಗಳ ಪ್ರಿಂಟ್ ತೆಗೆಸಿಕೊಂಡು ಬರುತ್ತಿದ್ದರು. ಎಲ್ಲವೂ ಇಂಗ್ಲಿಷು, ಎಲ್ಲವೂ ಯಾರೋ ಯಾರಿಗೋ ಕಳಿಸಿದ್ದನ್ನು ಇನ್ಯಾರೋ ಮುಂದಕ್ಕೆ ತಳ್ಳಿದ್ದು. ಒಬ್ಬೊಬ್ಬರ ಕೈ ದಾಟಿದಾಗಲೂ ಸಾಲಿನ ಮುಂದೆ ಒಂದೊಂದು ಬಾಣದ ಗುರುತು ಬೀಳುತ್ತದಲ್ಲ, ಕೆಲವು ಪತ್ರಗಳಲ್ಲಿ ಮಾತಿಗಿಂತ ಬಾಣವೇ ಹೆಚ್ಚು. ಬಾಣ ಹೆಚ್ಚಿದಷ್ಟೂ ಸುದ್ದಿ ಹಳಸಲು ಎಂದು ನಾನು ವಿವರಿಸಿದೆ. ಮಾವನ ಲೆಕ್ಕ ಬೇರೆ.

“ಇಷ್ಟು ಜನ ಓದಿ ಮುಂದಕ್ಕೆ ಕಳಿಸಿದಾರೆ ಅಂದ್ರೆ, ಅದ್ರಲ್ಲಿ ಒಬ್ರಾದ್ರೂ ನಿಜವೋ ಸುಳ್ಳೋ ನೋಡಿರಲ್ವೇನೇ?”

ಪ್ರತಿಯೊಬ್ಬರೂ ಹಾಗೆಂದುಕೊಂಡೇ ಕಳಿಸಿರುತ್ತಾರೆ ಎಂದೆ. ಆ ಹೊತ್ತಿಗೆ ನಾನು ಜನಾಭಿಪ್ರಾಯದ ಬಗ್ಗೆ ಒಂದು ಸೆಮಿನಾರು ತಯಾರು ಮಾಡುತ್ತಿದ್ದೆ. ಲೈಬ್ರರಿಯ ದಪ್ಪ ಪುಸ್ತಕ ತೋರಿಸಿದೆ. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ, “ಇದಕ್ಕೆ ಎಷ್ಟು ಬಾಣ?” ಎಂದು ಕೇಳಿ ವಾಪಸು ಕೊಟ್ಟರು.

ಮೊದಮೊದಲು ಬಂದದ್ದು ಆರೋಗ್ಯ. ಯಾವ ಹಣ್ಣಿನ ಜೊತೆ ಯಾವುದು ವಿಷ, ಯಾವ ಎಣ್ಣೆ ಉಜ್ಜಿದರೆ ಕೂದಲು. ಮಾವ ಅದರಲ್ಲೊಂದನ್ನು ಕನ್ನಡಕ್ಕೆ ತಿರುಗಿಸಿ ಹಲಗೆಯ ಮೇಲೆ ಬರೆದರು. ಇಂಗ್ಲಿಷಿನವರು ಅಲ್ಲಲ್ಲಿ ‘ಹೇಳಲಾಗಿದೆ’, ‘ಆಗಿರಬಹುದು’ ಎಂದು ಹಾಕಿದ್ದ ಅನುಮಾನಗಳೆಲ್ಲ ಕನ್ನಡದಲ್ಲಿ ಅಂತೆಗಳಾಗಬೇಕಿತ್ತು. ಬರಹದಲ್ಲಿ ಅಂತೆ ಕೂಡದಲ್ಲ. ಸಾಲದ್ದಕ್ಕೆ ಹಲಗೆಯಲ್ಲಿ ಜಾಗವೂ ಇಲ್ಲ. ಹೀಗಾಗಿ ಗಾಳಿಯಲ್ಲಿ ಬಂದದ್ದು ಮಾವನ ಸೀಮೆಸುಣ್ಣ ದಾಟಿದೊಡನೆ ಕಲ್ಲಾಗುತ್ತಿತ್ತು. ಆಶ್ಚರ್ಯವೆಂದರೆ ಜನ ನಿಂತರು. ಅಷ್ಟು ವರ್ಷ ಸುಭಾಷಿತದ ಮುಂದೆ ಕೈ ಬೀಸಿಕೊಂಡು ಹೋದವರು ಈಗ ಕನ್ನಡಕ ಹಾಕಿಕೊಂಡು ಓದಿದರು, ಚೀಟಿಯಲ್ಲಿ ಬರೆದುಕೊಂಡರು. ‘ಮೇಷ್ಟ್ರು ಬರ್ದಿದಾರೆ’ ಎಂಬ ಮಾತು ಬೀದಿಯಲ್ಲಿ ಓಡಾಡತೊಡಗಿತು. ಆಕಳಿಸುವ ಮಕ್ಕಳ ಮುಂದೆ ಮೂವತ್ತು ವರ್ಷ ನಿಂತಿದ್ದ ಮನುಷ್ಯನಿಗೆ, ದೊಡ್ಡವರು ತನ್ನ ಸೀಮೆಸುಣ್ಣಕ್ಕಾಗಿ ಕಾಯುವುದು ಎಂಥ ಸುಖವಿರಬೇಕು ಎಂದು ನನಗೆ ಈಗ ಅರ್ಥವಾಗುತ್ತದೆ. ಆಗ ಬರೀ ತಮಾಷೆ ಅನ್ನಿಸಿತ್ತು.

ಆರೋಗ್ಯದ ಹಿಂದೆಯೇ ಎಚ್ಚರಿಕೆಗಳು ಬಂದವು. ನಮ್ಮ ಮನೆಯಲ್ಲಿ ಬಹಳ ಕಾಲ ‘ಅವರು’ ಅಂದರೆ ಮಂತ್ರಿಗಳು, ಕಾರ್ಪೊರೇಟರುಗಳು. ಅವರು ತಿಂದರು, ಅವರು ಮುಳುಗಿಸಿದರು. ಆ ಸರ್ವನಾಮ ಯಾವಾಗ ಮಂತ್ರಿಗಳನ್ನು ಬಿಟ್ಟು ಚಾಮರಾಜಪೇಟೆಯ ಕಡೆ ತಿರುಗಿತೋ ನಾನು ಗಮನಿಸಲಿಲ್ಲ; ರಾಜ್ಯಶಾಸ್ತ್ರ ಓದುತ್ತಿದ್ದೆ. ‘ಎಲ್ಲರೂ ಕಳ್ಳರು’ ಅನ್ನುತ್ತಿದ್ದವರು ‘ಒಬ್ಬ ಗಟ್ಟಿ ಆಳು ಕೋಲು ಹಿಡಿದು ನಿಂತರೆ ಸಾಕು’ ಅನ್ನತೊಡಗಿದ್ದರು. ಯಾರ ಬೆನ್ನಿಗೆ ಎಂದು ಕೇಳಿದರೆ ಪ್ರಿಂಟ್ ತೆಗೆಸಿದ ಹಾಳೆ ಮುಂದಿಡುತ್ತಿದ್ದರು.

ಒಂದು ಭಾನುವಾರ ಸಾಹೇಬರು ಉಪ್ಪಿಟ್ಟು ತಿನ್ನುತ್ತಾ, ಬೋರ್ಡು ಈಚೆಗೆ ಸ್ವಲ್ಪ ಬಿಸಿಯಾಗಿದೆ ಅಂದರು.

“ನಿಮ್ಮ ಬಗ್ಗೆ ಅಲ್ಲ ಸಾಹೇಬ್ರೆ ಅದು.”

“ಗೊತ್ತು ಬಿಡಿ. ನನ್ನ ಬಗ್ಗೆ ಆಗಿದ್ರೆ ಇನ್ನೂ ದುಂಡಗೆ ಬರೀತಿದ್ರಿ.”

ಇಬ್ಬರೂ ನಕ್ಕರು. ಅತ್ತೆ ನಗಲಿಲ್ಲ. ಮಾವನ ಕೈಬರಹ ದುಂಡಗಾದಷ್ಟೂ ಅತ್ತೆಗೆ ಏನೋ ತಳಮಳ. ಅವರು ವಾದ ಮಾಡುವವರಲ್ಲ. ಮಾರನೆಯ ದಿನದಿಂದ ಮಾವನ ಹತ್ತಿರ ಆಡುವ ಪ್ರತಿ ಮಾತಿಗೂ ಅಂತೆ ಸೇರಿಸತೊಡಗಿದರು.

“ರೀ, ಕಾಫಿ ಆಗಿದೆಯಂತೆ.”

“ಆಗಿದೆಯಂತೆ ಅಂದ್ರೆ ಏನೇ?”

“ಅಡುಗೆಮನೆ ಕಡೆಯಿಂದ ಸುದ್ದಿ. ಕುಡಿದು ನೋಡದೆ ನಂಬಬೇಡಿ.”

ನಲ್ಲಿಯಲ್ಲಿ ನೀರು ಬಂದಿದೆಯಂತೆ. ನಿಮ್ಮ ಕನ್ನಡಕ ನಿಮ್ಮ ತಲೆಯ ಮೇಲೇ ಇದೆಯಂತೆ. ಇವತ್ತು ನಾನು ಊಟಕ್ಕೆ ಹಾಗಲಕಾಯಿ ಮಾಡಿದ್ದೇನಂತೆ, ನಾನೇ ಮಾಡಿದ್ದು ಅಂತ ಜನ ಆಡಿಕೊಳ್ತಿದಾರೆ. ಇದು ವಾರಗಟ್ಟಲೆ ನಡೆಯಿತು. ಮಾವ ಮೊದಲು ರೇಗಿದರು, ಆಮೇಲೆ ಕಿವುಡಾದರು. ಸುಭಾಷಿತ ಮಾತ್ರ ವಾಪಸು ಬರಲಿಲ್ಲ.

ಅತ್ತೆಗೆ ಇನ್ನೊಂದು ಕೆಲಸವಿತ್ತು. ಬೀದಿಯ ಮಹಿಳಾ ಸಮಾಜದವರ ಜೊತೆ ಪಲ್ಸ್ ಪೋಲಿಯೊಗೆ ಹೋಗುತ್ತಿದ್ದರು. ಭಾನುವಾರ ಬೂತಿನಲ್ಲಿ ಕೂತು ಮಕ್ಕಳ ಬಾಯಿಗೆ ಹನಿ ಹಾಕುವುದು, ಮುಂದಿನ ದಿನಗಳಲ್ಲಿ ಮನೆಮನೆಗೆ ಹೋಗಿ ತಪ್ಪಿಹೋದ ಮಕ್ಕಳನ್ನು ಹುಡುಕುವುದು. ನನಗೆ ತಿಳಿದಿದ್ದದ್ದು ಇಷ್ಟೇ. ಹೋದ ಮನೆಯ ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬರಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ಆ ಸೀಮೆಸುಣ್ಣ ಮಾವನ ಡಬ್ಬಿಯದು ಅನ್ನುವುದೂ.

ಆ ವರ್ಷ ಸಂಕ್ರಾಂತಿಯ ಸಮಯಕ್ಕೇ ಪೋಲಿಯೊ ಹನಿಯ ಭಾನುವಾರ ಬಂದಿತ್ತು. ಅದೇ ವಾರ ಮಾವನಿಗೆ ಬಾಣಗಳಿಂದ ಕಿಕ್ಕಿರಿದ ಒಂದು ಪತ್ರ ಬಂತು. ಯಾವುದೋ ಊರಿನಲ್ಲಿ ಬಣ್ಣದ ಡಬ್ಬ ಹಿಡಿದ ಕೆಲವರು ಹಗಲುಹೊತ್ತು ಬಂದು ಮನೆಗಳಿಗೆ ಗುರುತು ಹಾಕಿ ಹೋಗುತ್ತಾರೆ, ಆಮೇಲೆ ಅದೇ ಮನೆಗಳಿಗೆ ಆಪತ್ತು ಬರುತ್ತದೆ. ಆ ಕೆಲವರು ಯಾರೆಂದು ಪತ್ರದಲ್ಲಿ ಕೆಟ್ಟ ಶಬ್ದದಲ್ಲಿ ಬರೆದಿತ್ತು. ಮಾವ ಹಾಳೆ ಹಿಡಿದು ಬೀದಿಗೆ ಹೋದವರು ಬೆವರುತ್ತಾ ವಾಪಸು ಬಂದರು. ಎದುರು ಮನೆ ಗೇಟಿನ ಮೇಲೆ ಗುರುತಿದೆ. ಪಕ್ಕದ ಮನೆಗೂ ಇದೆ. ಬಾಣದ ಗುರುತು. ಅದರ ಕೆಳಗೆ ಒಂದು ಅಕ್ಷರ, ಒಂದು ಅಂಕಿ.

ಅತ್ತೆ ಆಗ ಮನೆಯಲ್ಲಿರಲಿಲ್ಲ. ನಾನೂ ಹೋಗಿ ನೋಡಿದೆ. “ಇದು ಬಣ್ಣ ಅಲ್ಲ ಮಾವ, ಸೀಮೆಸುಣ್ಣ” ಎಂದೆ.

“ಮೊದಲು ಸೀಮೆಸುಣ್ಣ. ಆಮೇಲೆ ಬಣ್ಣ.”

ಇದಕ್ಕೆ ಉತ್ತರ ಯಾವ ದಪ್ಪ ಪುಸ್ತಕದಲ್ಲೂ ಇರಲಿಲ್ಲ. ಬೆಳಿಗ್ಗೆ ಹಲಗೆಯ ಮೇಲೆ ದುಂಡು ಅಕ್ಷರಗಳಲ್ಲಿ ಇದು ಕಾಣಿಸಿತು: ‘ಎಚ್ಚರ. ನಮ್ಮ ಮನೆಗಳಿಗೆ ಗುಟ್ಟಿನ ಗುರುತು ಹಾಕುತ್ತಿದ್ದಾರೆ. ಬಣ್ಣದ ಡಬ್ಬ ಹಿಡಿದು ಬರುವ ಹೊರಗಿನವರನ್ನು ತಡೆದು ವಿಚಾರಿಸಿರಿ.’ ಪತ್ರದ ಕೆಟ್ಟ ಶಬ್ದ ತೆಗೆದು ‘ಹೊರಗಿನವರು’ ಎಂದು ಹಾಕಿದ್ದು ತಮ್ಮ ಸಭ್ಯತೆ ಎಂದು ಮಾವ ನನಗೆ ಹೇಳಿದರು. ಓದಿದವರೆಲ್ಲರೂ ಆ ಕೆಟ್ಟ ಶಬ್ದವನ್ನೇ ಓದಿಕೊಂಡರು.

ಹಲಗೆ ಹಾಗೆಯೇ ಒಂದೆರಡು ದಿನ ಇತ್ತು. ಮೂರೋ ಇರಬಹುದು. ಬಣ್ಣದ ಡಬ್ಬ ಹಿಡಿದು ಆ ಪಾರ್ಕಿಗೆ ವರ್ಷಕ್ಕೊಮ್ಮೆ ಬರುವ ಮನುಷ್ಯ ಒಬ್ಬರೇ, ಅವರು ಬರುವ ಹೊತ್ತಾಗಿದೆ ಅನ್ನುವುದು ಮಾವನಿಗೆ ಹೊಳೆಯಲಿಲ್ಲವೇ ಎಂದು ನನ್ನನ್ನು ಕೇಳಬೇಡಿ.

ನಾನೂ ಅತ್ತೆಯೂ ತರಕಾರಿ ತೆಗೆದುಕೊಂಡು ಬರುತ್ತಿದ್ದೆವು. ಪಾರ್ಕಿನ ಗೇಟಿನಲ್ಲಿ ಗುಂಪು. ಕ್ರಿಕೆಟ್ ಆಡುವ ಹುಡುಗರು, ಕಾಲೇಜಿನ ವಯಸ್ಸಿನವರು, ಎರಡು ಮೂರು ಜನ ವಾಕಿಂಗಿನವರು. ನಡುವೆ ಕಲ್ಲುಬೆಂಚಿನ ಮೇಲೆ ಸಾಹೇಬರು. ಮೊಪೆಡ್ಡಿನ ಕೀಲಿ ಒಬ್ಬ ಹುಡುಗನ ಬೆರಳಿನಲ್ಲಿ ತಿರುಗುತ್ತಿತ್ತು. ಡಬ್ಬ ಉರುಳಿ ಅವರ ಬಿಳಿ ಪ್ಯಾಂಟಿನ ಮೊಣಕಾಲಿನಿಂದ ಕೆಳಗೆ ಪೂರ್ತಿ ಕಪ್ಪು. ಅಥವಾ ಹಸಿರು.

“ಬೋರ್ಡ್ ಓದಿದೀಯಾ?” ಎಂದು ಕೀಲಿಯವನು ಕೇಳುತ್ತಿದ್ದ.

“ಮೇಲಿಂದು ನಾನೇ ಬರ್ದಿದ್ದಪ್ಪ.”

“ಕೆಳಗಿಂದು?”

“ಕೆಳಗಿಂದು ನನ್ನ ಸ್ನೇಹಿತರು ಬರ್ದಿದ್ದು.”

“ನೋಡ್ ಮಗಾ, ಬೋರ್ಡೆಲ್ಲಾ ಇವರದ್ದೇ ಅಂತೆ” ಎಂದು ಇನ್ನೊಬ್ಬ ನಕ್ಕ. ಬೇರೆ ಯಾರಾದರೂ ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ, ಯಾರೂ ನಗಲಿಲ್ಲ. ವಾಕಿಂಗಿನ ಹಿರಿಯರೊಬ್ಬರು ಪೊಲೀಸಿಗೆ ಹೇಳುವುದೇ ಸರಿ ಅನ್ನುತ್ತಿದ್ದರು. ಅಷ್ಟರಲ್ಲಿ ಯಾರೋ ಮಾವನನ್ನು ಕರೆತಂದರು. ಮೇಷ್ಟ್ರೇ ಹೇಳಲಿ ಎಂದು ಗುಂಪು ದಾರಿ ಬಿಟ್ಟಿತು.

ಮಾವ ಹತ್ತಿರ ಬಂದರು. ಸಾಹೇಬರ ಪ್ಯಾಂಟು ನೋಡಿದರು.

“ಬಿಡ್ರಪ್ಪ, ನನಗೆ ಗೊತ್ತಿರೋರು. ಇವರು ಅಂಥವರಲ್ಲ.”

ಸಾಹೇಬರು ಅಲ್ಲಿಯವರೆಗೆ ಒಂಥರಾ ಮುಗುಳ್ನಗೆಯಲ್ಲೇ ಕೂತಿದ್ದರು, ಮಕ್ಕಳ ಆಟಕ್ಕೆ ಸಿಕ್ಕಿಬಿದ್ದ ಅಜ್ಜನಂತೆ. ಆ ಮಾತಿಗೆ ತಲೆ ಎತ್ತಿದರು.

“ಎಂಥವರಲ್ಲ, ಮೇಷ್ಟ್ರೆ?”

ಮಾವ ಬೆರಳಿನ ಸೀಮೆಸುಣ್ಣದ ಪುಡಿಯನ್ನು ಪಂಚೆಗೆ ಒರೆಸಿಕೊಂಡರು.

ಆಗ ಅತ್ತೆ ತರಕಾರಿ ಚೀಲವನ್ನು ನನ್ನ ಕೈಗೆ ಕೊಟ್ಟು ಬೆಂಚಿನ ಮೇಲೆ ಸಾಹೇಬರ ಪಕ್ಕ ಹೋಗಿ ಕೂತರು. “ಗುರುತು ಹಾಕಿದವರನ್ನ ತಾನೆ ನೀವು ಹುಡುಕ್ತಿರೋದು? ಹಾಕಿದವಳು ನಾನು. ವಿಚಾರಿಸಿ” ಅಂದರು. ಸೆರಗಿನ ಗಂಟು ಬಿಚ್ಚಿ ಒಂದು ತುಂಡು ಸೀಮೆಸುಣ್ಣ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಇಂಗ್ಲಿಷಿನ ‘ಪಿ’ ಅಂದರೆ ಪೋಲಿಯೊ. ಅಂಕಿ ಅಂದರೆ ಮನೆಯಲ್ಲಿ ಎಷ್ಟು ಚಿಕ್ಕ ಮಕ್ಕಳು. ಬಾಣ ಅಂದರೆ ಮುಂದೆ ಯಾವ ಕಡೆ ಹೋಗಬೇಕು ಎಂದು, ಹಿಂದೆ ಬರುವ ಮೇಲ್ವಿಚಾರಕರಿಗೆ. ಆಮೇಲೆ ಕೀಲಿಯವನ ಕಡೆ ತಿರುಗಿದರು.

“ನಿಮ್ಮನೆ ಗೇಟಿಗೆ ಸೊನ್ನೆ ಹಾಕಿದೀನಿ ಕಣಪ್ಪ. ಬೇಗ ಒಂದು ಮದುವೆ ಮಾಡ್ಕೋ, ಒಂದು ಅಂತ ತಿದ್ತೀನಿ.”

ಗುಂಪು ಭಗ್ಗೆಂದು ನಕ್ಕಿತು. ಹುಡುಗನ ಕಿವಿ ಕೆಂಪಾಯಿತು. ಸಾರಿ ಅಂಕಲ್ ಎಂದು ಕೀಲಿ ಕೊಟ್ಟ, ಉರುಳಿದ ಡಬ್ಬವನ್ನೂ ಎತ್ತಿ ನಿಲ್ಲಿಸಿದ. ಪೊಲೀಸು ಅಂದಿದ್ದ ಹಿರಿಯರು ತಮಗೆ ಮೊದಲೇ ಅನುಮಾನವಿತ್ತು ಅಂದರು. ಎಲ್ಲರ ಮುಖದಲ್ಲೂ ಬೆರಗು, ನನ್ನ ಮುಖದಲ್ಲೂ ಇದ್ದಿರಬೇಕು. ಮಾವನ ಮುಖದಲ್ಲಿ ಮಾತ್ರ ಇರಲಿಲ್ಲ. ನಾನು ನೋಡಿದೆ. ನೋಡಿದೆ ಎಂದುಕೊಂಡಿದ್ದೇನೆ. ಹೊಸ ಸುದ್ದಿ ಕೇಳಿದವರ ಮುಖವಲ್ಲ ಅದು, ಗೊತ್ತಿದ್ದದ್ದು ಹೊರಗೆ ಬಿದ್ದಾಗಿನ ಮುಖ. ಅದು ಬರೀ ನಾಚಿಕೆಯೂ ಇರಬಹುದು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ.

ಸಾಹೇಬರು ಹಲಗೆಗೆ ಬಣ್ಣ ಬಳಿಯಲಿಲ್ಲ. ಕುಂಚವನ್ನು ಒರೆಸಿ, ಎಳ್ಳು ಬೆಲ್ಲ ಇನ್ನೊಂದು ದಿನ ಆಗಲಿ ಅಕ್ಕಾ ಎಂದು ಅತ್ತೆಗೆ ಹೇಳಿ ಮೊಪೆಡ್ ಹತ್ತಿದರು.

ಮಾರನೆಯ ಬೆಳಿಗ್ಗೆ ಮಾವ ತಿದ್ದುಪಡಿ ಬರೆದರು. ಒಂದೇ ಸಾಲು: ‘ಗುರುತುಗಳು ಪೋಲಿಯೊ ಕಾರ್ಯಕ್ರಮಕ್ಕೆ ಸೇರಿದವಂತೆ.’

ನಾನು ಹಲಗೆಯ ಮುಂದೆ ನಿಂತು ಎರಡು ಸಲ ಓದಿದೆ. ಜೀವಮಾನದಲ್ಲಿ ಮೊದಲ ಸಲ ಮಾವ ಬರಹದಲ್ಲಿ ಅಂತೆ ಬಳಸಿದ್ದರು. ಯಾರೋ ಎಲ್ಲೋ ಹೇಳಿದ್ದು ಎದೆ ಸೆಟೆಸಿ ನಿಂತಿತ್ತು. ಸ್ವಂತ ಹೆಂಡತಿ ಊರಿನ ಮುಂದೆ ಒಪ್ಪಿಕೊಂಡದ್ದು ಗಾಳಿಮಾತಾಗಿತ್ತು. ಮನೆಗೆ ಬಂದು ಅತ್ತೆಗೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ, ಈರುಳ್ಳಿ ಎಂದರು. ಅವತ್ತು ಹೆಚ್ಚುತ್ತಿದ್ದದ್ದು ಬೀನ್ಸು.

ಭಾನುವಾರ ಸಾಹೇಬರು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಅತ್ತೆ ಉಪ್ಪಿಟ್ಟಿಗೆ ರವೆ ಅಳೆಯುವಾಗ ಒಂದು ಹಿಡಿ ಹೆಚ್ಚಿಗೆ ಹಾಕುವುದನ್ನು ಬಿಡಲಿಲ್ಲ. ಮಾವ ಪೇಪರು ಹಿಡಿದು ಜಗಲಿಯಲ್ಲಿ ಕೂತು, ಮೊಪೆಡ್ಡಿನ ಸದ್ದಿಗೆಲ್ಲ ಪೇಪರು ಇಳಿಸುತ್ತಿದ್ದರು. ನೀವೇ ಒಂದು ಸಲ ಹೋಗಿ ಬನ್ನಿ ಎಂದರೆ ಅವರಿಗೆ ನಿಜವಾಗಿಯೂ ಆಶ್ಚರ್ಯ. “ಬಿಡಿಸಿದ್ದೇ ನಾನು ತಾನೆ” ಅನ್ನುತ್ತಿದ್ದರು. ಇದನ್ನು ಅವರು ನಂಬಿದ್ದರು. ನೆನಪಿನ ವಿಷಯದಲ್ಲಿ ನಾನು ನನ್ನೊಬ್ಬಳನ್ನೇ ಅನುಮಾನಿಸುವುದಿಲ್ಲ ಎಂದು ಹೇಳಲು ಇದನ್ನು ಬರೆದೆ.

ಬೇಸಿಗೆಯ ಹೊತ್ತಿಗೆ ಮನೆಗೇ ಕಂಪ್ಯೂಟರ್ ಬಂತು. ಸಂಜೆ ಯಾವುದೋ ಸಭಾಂಗಣದಲ್ಲಿ ಮಾವನ ಸಭೆಗಳು ಶುರುವಾದವು. ಹೋಗುವಾಗ ಒಂದು ಗಂಟಲು, ಘೋಷಣೆ ಕೂಗಿ ಬರುವಾಗ ಇನ್ನೊಂದು. ಪಾರ್ಕು ರಿಪೇರಿಯಾದಾಗ ಹಲಗೆಯನ್ನು ಕಿತ್ತು ಮೂಲೆಗೆ ಹಾಕಿದರು. ಮಾವ ಬೇಸರಪಡಲಿಲ್ಲ. ಈಗ ಅವರಿಗೆ ನಾಲ್ಕು ಸಾಲಿನ ಮಿತಿ ಇರಲಿಲ್ಲ, ಸೀಮೆಸುಣ್ಣದ ಧೂಳೂ ಇರಲಿಲ್ಲ, ಬಾಣ ಹಾಕುವ ಕೆಲಸ ಕಂಪ್ಯೂಟರೇ ಮಾಡುತ್ತಿತ್ತು.

ಮರುವರ್ಷದ ಸಂಕ್ರಾಂತಿಗೆ ಅತ್ತೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ಕಟ್ಟಿಕೊಂಡು ಸಾಹೇಬರ ಮನೆಗೆ ಹೊರಟರು. ಮಾವನಿಗೆ ಹೇಳಿಯೇ ಹೊರಟರು. ಮಾವ ಬೇಡ ಅನ್ನಲಿಲ್ಲ, ಕೇಳಿದ್ದೇನೆ ಅಂತ ಹೇಳು ಅಂತಲೂ ಅನ್ನಲಿಲ್ಲ. ಜೊತೆಗೆ ನಾನು ಹೋದೆ. ಅತ್ತೆ ಸಾಹೇಬರ ಹೆಂಡತಿಯ ಜೊತೆ ಒಳಗೆ ಹೋದರು, ಅಲ್ಲಿಂದ ಇಬ್ಬರ ನಗು ಕೇಳಿಸುತ್ತಿತ್ತು. ಸಾಹೇಬರು ಮುಂದಿನ ಕೋಣೆಯಲ್ಲಿ ಒಂದು ಅರ್ಧ ಬರೆದ ಬೋರ್ಡಿನ ಮುಂದೆ ಕೂತಿದ್ದರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆ ಅಂದರು. ಮೇಷ್ಟ್ರ ಮಂಡಿನೋವು ಹೇಗಿದೆ ಎಂದು ಕೇಳಿದರು. ಆಮೇಲೆ ಕುಂಚ ಕೆಳಗಿಟ್ಟರು.

“ಮರಿ, ಒಂದ್ ಮಾತು. ಆ ಗುರುತು ಅಕ್ಕ ಹಾಕಿದ್ದು ಅಂತ ಮೇಷ್ಟ್ರಿಗೆ ಯಾವಾಗ ಗೊತ್ತಾಯ್ತು?”

ನನಗೆ ಗೊತ್ತಿಲ್ಲ ಎಂದೆ. ಅದು ನಿಜವೇ. ಒಂದು ಸಂಜೆ ನಾನು ರೂಮಿನಲ್ಲಿ ಓದುತ್ತಿದ್ದಾಗ ಅಡುಗೆಮನೆಯಲ್ಲಿ ಅತ್ತೆ ಮಾವನಿಗೆ ಏನೋ ಹೇಳಿ ನಕ್ಕದ್ದು, ಮಾವ “ಹೌದಾ?” ಅಂದದ್ದು ನೆನಪಿದೆ. ಅತ್ತೆಯ ಮಾತಿನಲ್ಲಿ ‘ಪೋಲಿಯೊ’ ಎಂಬ ಪದ ಕೇಳಿದ ಹಾಗೂ ನೆನಪು. ಅದು ಹಲಗೆ ಬರೆಯುವ ಹಿಂದಿನ ಸಂಜೆಯೋ, ಬರೆದ ನಂತರದ್ದೋ, ಎಲ್ಲ ಮುಗಿದ ಮೇಲಿನದ್ದೋ, ಎಷ್ಟು ತಡಕಿದರೂ ಸಿಗುವುದಿಲ್ಲ. ಇದನ್ನೆಲ್ಲ ಸಾಹೇಬರಿಗೆ ಹೇಳಲಿಲ್ಲ.

“ಗೊತ್ತಿಲ್ದೆ ಬರೆದಿದ್ರೆ ಅದು ತಪ್ಪು” ಅಂದರು ಸಾಹೇಬರು. “ತಪ್ಪು ನಾನೂ ಬರ್ದಿದೀನಿ. ಒಂದ್ಸಲ ಡಾಕ್ಟರ ಬೋರ್ಡಲ್ಲಿ ಮಕ್ಕಳ ತಜ್ಞರು ಅನ್ನೋ ಕಡೆ ಮಕ್ಕಳ ಅಜ್ಞರು ಅಂತ ಬರೆದುಬಿಟ್ಟಿದ್ದೆ. ಅಳಿಸಿ ಬರೆದ್ರಾಯ್ತು. ಹಂಗಾದ್ರೆ ಈ ಭಾನುವಾರನೇ ಬಂದು ಉಪ್ಪಿಟ್ಟು ತಿಂತೀನಿ, ಮೇಷ್ಟ್ರ ಹತ್ರ ಜಗಳಾನೂ ಆಡ್ತೀನಿ. ಗೊತ್ತಿದ್ದೂ ಬರೆದಿದ್ರೆ ಬರಕ್ಕಾಗಲ್ಲ ಮರಿ.”

ಅತ್ತೆಯನ್ನೇ ಕೇಳಬಹುದಲ್ಲ ಎಂದೆ. ಅವರು ತಲೆಯಾಡಿಸಿದರು. ಗಂಡನನ್ನು ಬಿಟ್ಟುಕೊಡು ಎಂದು ಕೇಳಿದ ಹಾಗಾಗುತ್ತದೆ, ಅದು ತಮ್ಮಿಂದ ಆಗದು ಅಂದರು.

ಹಾಗಾಗಿ ನಾನೇ ಕೇಳಿದೆ, ವಾಪಸು ಬರುವಾಗ ಆಟೋದಲ್ಲಿ. ಸಾಹೇಬರು ಹೇಳಿದ್ದನ್ನೆಲ್ಲ ಮೊದಲು ಹೇಳಿದೆ, ಭಾನುವಾರದ ಮಾತನ್ನೂ. ಎಂಥ ಪ್ರಶ್ನೆಗೂ ಒಂದು ಚಟಾಕಿ ಹಾರಿಸುವ ಅತ್ತೆ ಸುಮ್ಮನೆ ಕೂತಿದ್ದರು. ‘ಆಮೇಲೆ’ ಎಂಬ ಒಂದು ಪದ ಸಾಕಿತ್ತು, ಸುಳ್ಳಾದರೂ ಸಾಕಿತ್ತು, ಭಾನುವಾರ ಮೊಪೆಡ್ ಬರುತ್ತಿತ್ತು. ಅತ್ತೆ ಅದನ್ನು ಹೇಳಲಿಲ್ಲ. ‘ಮುಂಚೆ’ ಅಂತಲೂ ಹೇಳಲಿಲ್ಲ. ಅದಾದ ಮೇಲೆ ಇನ್ನೂ ಹಲವು ಸಲ ಕೇಳಿದ್ದೇನೆ, ಹೋದ ವಾರ ಫೋನಿನಲ್ಲೂ ಕೇಳಿದೆ, ಲೈನು ಸರಿಯಿಲ್ಲ ಎಂದು ಇಟ್ಟುಬಿಟ್ಟರು. ಅವತ್ತು ಆಟೋದ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ, ಸ್ವಲ್ಪ ಜೋರಾಗಿಯೇ ಕೇಳಿದ್ದೆ:

“ಅತ್ತೆ, ಗುರುತು ಹಾಕಿದ್ದು ನಾನೇ ಅಂತ ಮಾವನಿಗೆ ನೀವು ಹೇಳಿದ್ದು ಅವರು ಬೋರ್ಡ್ ಬರೆಯೋಕೆ ಮುಂಚೆನಾ, ಆಮೇಲಾ?”